ಕೂರುವ ದಿನ

"ಕಾಲೇನೇ ಅದು? ಬೇಯ್ಸಿ ತಟ್ಟೆಗೆ ಹಾಕಿರೋ ಹಂದಿ ಕಾಲಿದ್ದಂಗೈತೆ. ಹೀಲ್ಸು ಎಲ್ಲೇ, ಮುದಿ ಮುಂಡೆ?"

ಅಂಗಡಿಯ ಬಾಗಿಲು ತೆರೆಯುವ ಮುಂಚೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಮ್ಯಾನೇಜರ್ ಬಾನ್ ಕೇಳಿದ. ನನ್ನ ತಮ್ಮನಿಗಿಂತ ಚಿಕ್ಕವನು. ಸಿಯೋಲ್‌ನ ಈ ದೊಡ್ಡ ಅಂಗಡಿಯ ನೆಲಮಹಡಿಯಲ್ಲಿ ನಾವು ಸೆಂಟು, ಕ್ರೀಮು ಮಾರುವ ಹೆಂಗಸರು.

"ಡಾಕ್ಟ್ರು ಬ್ಯಾಡ ಅಂದವ್ರೆ ಸಾರ್," ಎಂದೆ.

"ಡಾಕ್ಟ್ರು ಬಂದು ಸೆಂಟು ಮಾರ್ತಾನಾ? ತಿಂಗ್ಳ ಕೊನೇಗೆ ನಿನ್ ಕರಾರು ಮುಗೀತದೆ, ಗ್ಯಾಪಕ ಮಡಿಕ್ಕ."

ಕೆಲಸ ಬೇಕಿತ್ತು. ಚಪ್ಪಟೆ ಶೂ ಬಿಚ್ಚಿ ಹೀಲ್ಸು ಹಾಕಿಕೊಂಡೆ.

ಹೆಬ್ಬೆರಳಿನ ಮೂಳೆ ಸೊಟ್ಟಗಾಗಿ ಹೊರಗೆ ಚಾಚಿದೆ, ಬೆರಳುಗಳ ನಡುವಿನ ನರ ನಜ್ಜಾಗಿದೆ ಎಂದು ಡಾಕ್ಟರು ಹೇಳಿದ್ದರು. ಹಿಮ್ಮಡಿಯ ಮೇಲಿನ ನರವೂ ಎಳೆದುಕೊಂಡು ಗಿಡ್ಡಾಗಿದೆಯಂತೆ. ಮನೆಯಲ್ಲಿ ಬರಿಗಾಲಲ್ಲೂ ತುದಿಗಾಲಲ್ಲೇ ನಡೆಯುತ್ತೇನೆ, ಹಿಮ್ಮಡಿ ಊರಿದರೆ ಪ್ರಾಣ ಹೋಗುತ್ತದೆ. ಅಪ್ಪನ ತಿಥಿಯ ದಿನ ಮಂಡಿಯೂರಿ ನಮಸ್ಕಾರ ಮಾಡಲು ಬಗ್ಗಿದವಳನ್ನು ಇಬ್ಬರು ಹಿಡಿದು ಎಬ್ಬಿಸಬೇಕಾಯಿತು. ಮಧ್ಯದ ಎರಡು ಬೆರಳಿಗೆ ಸೂಜಿ ಚುಚ್ಚಿದರೂ ಗೊತ್ತಾಗದು. ಮೊದಮೊದಲು ಹೆದರಿಕೆಯಾಗಿತ್ತು. ಈಗ ಅಷ್ಟಾದರೂ ನೋವು ಕಡಿಮೆಯಾಯಿತಲ್ಲ ಅನ್ನಿಸುತ್ತದೆ.

ಪ್ರತಿ ಕೌಂಟರಿನ ಹಿಂದೆಯೂ ಒಂದು ಕುರ್ಚಿ ಇದೆ. ಇರಬೇಕೆಂದು ಕಾನೂನಿದೆ. ಅದರ ಮೇಲೆ ಸರಕಿನ ಡಬ್ಬ ಪೇರಿಸಿಡುತ್ತೇವೆ.

ಆವತ್ತು ಮಧ್ಯಾಹ್ನ ಬಾನ್ ಓಡೋಡಿ ಬಂದ. "ಲೇಬರ್ ಆಪೀಸ್ನೋರು ಬಂದವ್ರೆ. ಡಬ್ಬ ಇಳ್ಸಿ, ಎಲ್ರೂ ಕೂತ್ಕಳ್ರೇ. ನಗ್ತಾ ಕೂತ್ಕಳಿ."

ಕೂತೆವು. ಕೂತದ್ದೇ ತಡ, ನನ್ನ ಕೈ ತಾನಾಗಿ ಕೆಳಗಿಳಿದು ಎರಡೂ ಹೀಲ್ಸು ಕಳಚಿತು.

"ಅಕ್ಕಾ, ಬಿಚ್ಬ್ಯಾಡ ಕಣೇ," ಪಕ್ಕದ ಕೌಂಟರಿನ ಮಿಹ್ಯಾಂಗ್ ಪಿಸುಗುಟ್ಟಿದಳು. "ಕಾಲು ಊದ್ಕತದೆ, ಮತ್ತೆ ಒಳೀಕ್ ಹೋಗಕಿಲ್ಲ. ಆ ಬೋಳಿಮಗ ಸುಮ್ನಿರ್ತಾನಾ?"

"ಬಿಚ್ಚಾಯ್ತು ಬುಡು."

ಹೊಸದಾಗಿ ಸೇರಿದ ಹುಡುಗಿಯರು ಮಾಡುವ ತಪ್ಪು ಅದು. ಸಂಜೆಯವರೆಗೆ ಬಿಚ್ಚಬಾರದೆಂದು ಅವರಿಗೆ ಹೇಳಿಕೊಡುವವಳೇ ನಾನು.

ತನಿಖೆಗೆ ಬಂದ ಹುಡುಗಿ ನನ್ನ ಎದುರು ನಿಂತಳು. ಅವಳೂ ಹೀಲ್ಸಿನಲ್ಲಿದ್ದಳು, ಭಾರವನ್ನು ಆ ಕಾಲಿಂದ ಈ ಕಾಲಿಗೆ ಬದಲಿಸುತ್ತಿದ್ದಳು. "ದಿನಾ ಕೂರೋಕೆ ಬಿಡ್ತಾರಾ ನಿಮ್ಮನ್ನ?"

ಅವಳ ಹಿಂದೆ ಬಾನ್ ಹಲ್ಲು ಕಿರಿಯುತ್ತಿದ್ದ.

"ಬುಡ್ತಾರೆ," ಎಂದೆ.

ಅವರು ಹೊರಟುಹೋದರು. ಬಾನ್ ಚಪ್ಪಾಳೆ ತಟ್ಟಿದ. ಎಲ್ಲರೂ ಎದ್ದರು. ನಾನು ಬಗ್ಗಿ ಹೀಲ್ಸಿಗೆ ಕಾಲು ತೂರಿಸಿದೆ. ಅರ್ಧಕ್ಕೇ ನಿಂತಿತು.

"ಏಳೇ."

"ಹೋಗ್ತಿಲ್ಲ ಸಾರ್."

"ಅದೆಂಗ್ ಹೋಗಕಿಲ್ಲ ನಾನೂ ನೋಡ್ತೀನಿ." ಅವನು ಕೌಂಟರಿನ ಹಿಂದೆ ಮೊಣಕಾಲೂರಿ ನನ್ನ ಪಾದ ಹಿಡಿದುಕೊಂಡ. ಜೇಬಿನಿಂದ ಶೂ ಹಾಕಿಕೊಳ್ಳುವ ತಗಡಿನ ಪಟ್ಟಿ ತೆಗೆದು ಹಿಮ್ಮಡಿಗೆ ಕೊಟ್ಟು ತಳ್ಳಿದ. ಬೆರಳುಗಳು ಮಡಚಿಕೊಂಡವು. ಇನ್ನೊಮ್ಮೆ ತಳ್ಳಿದ. ಅವನ ಹಣೆ ಬೆವರಿತು. ನಾನು ಅವನ ನೆತ್ತಿ ನೋಡುತ್ತಾ ಕೂತಿದ್ದೆ. ಅಲ್ಲಿ ಕೂದಲು ತೆಳ್ಳಗಾಗಿತ್ತು.

ಅಷ್ಟರಲ್ಲಿ ಗಿರಾಕಿ ಹೆಂಗಸೊಬ್ಬಳು ಬಂದಳು. ಬಾನ್ ತಟಕ್ಕನೆ ಎದ್ದು ಸೂಟು ಕೊಡವಿಕೊಂಡ.

"ಏಳು," ಎಂದ, ಹಲ್ಲು ಕಚ್ಚಿ.

"ದಿನಾ ಕೂರಕ್ಕೆ ಬುಡ್ತೀರಿ ಅಂತ ಈಗ್ತಾನೆ ನಾನೇ ಯೋಳಿವ್ನಲ್ಲ ಸಾರ್."

ಅವನು ಗಿರಾಕಿಯತ್ತ ತಿರುಗಿ ಹಲ್ಲು ಕಿರಿದ. ನಾಳೆ ಕೆಲಸ ಇರುವುದಿಲ್ಲ, ನನಗೆ ಗೊತ್ತಿತ್ತು. ದುಃಖವಾಗಲಿಲ್ಲ, ಧೈರ್ಯ ಬಂತು ಅಂತಲೂ ಹೇಳಲಾರೆ.

"ಅಯ್ಯೋ, ಇವ್ರ ಕಾಲಲ್ಲಿ ರಕ್ತ," ಎಂದಳು ಗಿರಾಕಿ.

ಬಗ್ಗಿ ನೋಡಿದೆ. ಹೌದು. ಬೆರಳ ಸಂದಿಯ ಚರ್ಮ ಸುಲಿದು, ಹೀಲ್ಸಿನ ಅಂಚಿನಿಂದ ಬಿಳಿ ಕಲ್ಲಿನ ಮೇಲೆ ತೊಟ್ಟಿಕ್ಕುತ್ತಿತ್ತು. ಯಾರದೋ ಕಾಲು ನೋಡಿದ ಹಾಗಿತ್ತು.

"ಯಾವ ಸೆಂಟು ತೋರ್ಸ್ಲಿ ತಾಯಿ?" ಎಂದೆ, ಕೂತೇ.