ಎರಡನೇ ಪ್ರಾಶಸ್ತ್ಯ

"ನೀನು ಯಾವತ್ತಾದ್ರೂ ಮೇಲ್ಮನೆಗೆ ನಿಂತ್ರೆ ನನ್ನ ಮೊದಲನೇ ಮತ ನಿಂಗೇ ಕಣೇ" ಎಂದು ಡ್ರಿಲ್ ಟೀಚರ್ ಗಣಿತದ ಟೀಚರಿಗೆ ಮಾತು ಕೊಟ್ಟಿದ್ದು ಇಬ್ಬರೂ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸ್ಟಾಫ್ ರೂಮಿನಲ್ಲಿ ಒಂದೇ ಡಬ್ಬಿಯಿಂದ ಉಣ್ಣುತ್ತಾ. ಈಗ ಇಬ್ಬರೂ ಮತ ಎಣಿಕೆಯ ಹಾಲಿನಲ್ಲಿ, ತಂತಿ ಜಾಲರಿಯ ಈಚೆಗೆ, ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕೂತಿದ್ದರು. ಶಿಕ್ಷಕರ ಕ್ಷೇತ್ರಕ್ಕೆ ಇಬ್ಬರೂ ಅಭ್ಯರ್ಥಿಗಳು. "ನಿಂಗೆ ಲೆಕ್ಕ ಬರುತ್ತೆ, ಜಗಳ ಬರಲ್ಲ" ಎಂದು ಡ್ರಿಲ್ ಟೀಚರ್ ತಾನೂ ನಾಮಪತ್ರ ಹಾಕಿದ ದಿನದಿಂದ ಅವರ ನಡುವೆ ಮಾತಿರಲಿಲ್ಲ.

ಮೂರನೆಯವನು ಹತ್ತಾರು ಶಾಲೆಗಳ ಮಾಲೀಕ. ಬೇಸಿಗೆ ಬಂತೆಂದರೆ ಟೀಚರುಗಳನ್ನು ಕೆಲಸದಿಂದ ತೆಗೆದು ಮನೆಗೆ ಅಟ್ಟಿ, ಶಾಲೆ ತೆರೆದಾಗ ಹೊಸಬರೆಂದು ಸೇರಿಸಿಕೊಳ್ಳುವ ಆಸಾಮಿ. ಅದಕ್ಕೊಂದು ಕಾನೂನು ತರಿಸಬೇಕೆಂದೇ ಗಣಿತದ ಟೀಚರ್ ಇದ್ದ ಕೆಲಸ ಬಿಟ್ಟು ನಿಂತದ್ದು. ಸೋತರೆ ಕಾನೂನೂ ಇಲ್ಲ, ಕೆಲಸವೂ ಇಲ್ಲ.

ಮೊದಲ ಸುತ್ತಿನಲ್ಲಿ ಮಾಲೀಕನೇ ಮುಂದೆ. ಗಣಿತದ ಟೀಚರ್ ಎರಡನೆಯವಳು, ಡ್ರಿಲ್ ಟೀಚರ್ ಕೊನೆ. ಆದರೆ ಅರ್ಧಕ್ಕಿಂತ ಹೆಚ್ಚು ಮತ ಯಾರಿಗೂ ದಕ್ಕಿರಲಿಲ್ಲ. ಮತಪತ್ರದಲ್ಲಿ ಶಿಕ್ಷಕರು ಒಂದು, ಎರಡು, ಮೂರು ಎಂದು ತಮ್ಮಿಷ್ಟದ ಕ್ರಮ ಬರೆದಿರುತ್ತಾರೆ. ಕೊನೆಯವರನ್ನು ಕಣದಿಂದ ತೆಗೆದು, ಅವರ ಮತಪತ್ರಗಳಲ್ಲಿ ಯಾರ ಮುಂದೆ 'ಎರಡು' ಇದೆಯೋ ಅವರಿಗೆ ಸೇರಿಸುವುದು ಇಲ್ಲಿನ ನಿಯಮ.

"ಎರಡನೇ ಮತನೂ ಕೇಳು ಅಂತ ಬಡ್ಕೊಂಡೆ" ಎಂದ, ಗಣಿತದ ಟೀಚರಿಗೆ ಏಜೆಂಟಾಗಿ ಬಂದಿದ್ದ ಅವಳ ಗಂಡ.

"ಇನ್ನೊಬ್ಬರ ಎಂಜಲು ಕೇಳಲ್ಲ ಅಂದಿದ್ದೆ. ತಪ್ಪಾಯ್ತು, ಈಗ ಸುಮ್ನಿರಿ."

ಜಾಲರಿಯಾಚೆ ಡ್ರಿಲ್ ಟೀಚರ ಮತಪತ್ರಗಳ ಕಟ್ಟು ಬಿಚ್ಚಿದರು. ಮೊದಲ ಹಾಳೆ ಗಣಿತದ ಟೀಚರ ಟ್ರೇಗೆ ಬಿತ್ತು. ಇನ್ನೊಂದು ಮಾಲೀಕನದಕ್ಕೆ. ಮತ್ತೆ ಅವಳದಕ್ಕೆ, ಮತ್ತೆ, ಮತ್ತೆ. ಮಾಲೀಕನ ಏಜೆಂಟು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಳಿಸಿದ. ಅವಳ ಟ್ರೇ ತುಂಬಿ, ಗುಮಾಸ್ತ ಇನ್ನೊಂದು ತಂದಿಟ್ಟ. ಚುನಾವಣಾಧಿಕಾರಿ ಮೈಕಿನಲ್ಲಿ ಅಂಕಿ ಓದಿ ಮುಗಿಸುವಷ್ಟರಲ್ಲಿ ಗೇಟಿನಾಚೆ ಟೀಚರುಗಳ ಕೂಗು ಮುಗಿಲು ಮುಟ್ಟಿತ್ತು. ಬೇಸಿಗೆಗೊಮ್ಮೆ ಕೆಲಸ ಕಳೆದುಕೊಳ್ಳುವವರೇ ಅವರೆಲ್ಲ. ಕರ್ಚೀಫು, ದುಪಟ್ಟಾ, ಕೈಗೆ ಸಿಕ್ಕಿದ್ದನ್ನು ಬೀಸುತ್ತಿದ್ದರು.

ಗಣಿತದ ಟೀಚರ್ ಖಾಲಿ ಕುರ್ಚಿ ತಳ್ಳಿ ಗೆಳತಿಯ ಭುಜ ಹಿಡಿದಳು. "ಏನೇ ಮಾಡಿದೆ ನೀನು?"

"ಹೋದ ಶಾಲೆಯಲ್ಲೆಲ್ಲಾ ವಿಷಲ್ ಊದಿ ನಿಲ್ಲಿಸಿ ಹೇಳಿದ್ದೀನಿ. ಒಂದು ನಂಗೆ, ಎರಡು ಅವಳಿಗೆ, ಆ ಮಾಲೀಕನಿಗೆ ಸೊನ್ನೆನೂ ಬರೀಬೇಡಿ ಅಂತ. ನೀನಂತೂ ಕೇಳಲ್ಲ, ಮಹಾ ಸ್ವಾಭಿಮಾನಿ!"

"ನನ್ನ ಜೊತೆ ಮಾತೇ ಬಿಟ್ಟಿದ್ಯಲ್ಲೇ!"

"ನಿನ್ನ ಜೊತೆ ಬಿಟ್ಟಿದ್ದೆ. ಊರವರ ಜೊತೆ ಬಿಟ್ಟಿದ್ನಾ?"

ನಗುವೋ ಅಳುವೋ ತಿಳಿಯದ ದನಿಯಲ್ಲಿ ಗಣಿತದ ಟೀಚರ್ ಕೇಳಿದಳು: "ನಿನ್ನದೇ ಮತ ಯಾರಿಗೆ ಹಾಕಿದೆ?"

"ಮೊದಲನೇದು ನಂಗೇ ಹಾಕ್ಕೊಂಡೆ. ನಿಂತ ಮೇಲೆ ನಾಚಿಕೆ ಯಾತಕ್ಕೆ?"

ಡ್ರಿಲ್ ಟೀಚರ್ ಕೊಟ್ಟ ಮಾತು ಮುರಿದಿದ್ದಳು.