ಮೋಟರ್‌ಹೋಮಿನ ಹಿಂದಿನ ಸೀಟಿನಲ್ಲಿ ಯಾರು?

ಆ ಹಳೆಯ ಮೋಟರ್‌ಹೋಮ್ ಹತ್ತಿದರೆ ಸಾಕು, ಮಾಧುರಿಗೆ ತಲೆ ಸಿಡಿಯುತ್ತಿತ್ತು. ಗಂಡ ಅಭಿಜೀತನಿಗೋ ಅದೆಂದರೆ ಪ್ರಾಣ. ಹಾಸಿಗೆ, ಒಲೆ, ಊಟದ ಮೇಜು ಎಲ್ಲವೂ ಒಳಗೇ. ಎಂಜಿನ್ ಕೂಡ ಒಳಗೇ, ಡ್ರೈವರ್ ಸೀಟಿನ ಪಕ್ಕ ಒಂದು ಮುಚ್ಚಳದ ಕೆಳಗೆ. ಅವನು ತಾವಿದ್ದ ಗಲ್ಫ್ ನಗರದ ರಾಸ್ ಅಲ್ ಖೋರ್‌ನ ಗ್ಯಾರೇಜೊಂದರಲ್ಲಿ ಹೊಗೆ ಶುದ್ಧ ಮಾಡುವ ಪಂಪು, ಅದರ ಕೊಳವೆಗಳು, ಕ್ಯಾಟಲಿಟಿಕ್ ಕನ್ವರ್ಟರ್ ಎಲ್ಲವನ್ನೂ ಕೀಳಿಸಿಬಿಟ್ಟಿದ್ದ.

“ಅವೆಲ್ಲಾ ಎಂಜಿನ್ ಉಸಿರು ಕಟ್ಟಸ್ತಾವ. ಈಗ ನೋಡ, ಹ್ಯಾಂಗ ಎಳೀತೈತಿ!”

ನೆರೆಮನೆಯ ಜೋಸ್ಫಿನ್ ಮಂಗಳೂರಿನವರು, ನರ್ಸ್. ಅವರು ಮಾಧುರಿಯನ್ನು ಕೇಳಿದರು, “ಗಾಡಿಯಿಂದ ಇಳಿದ ಮೇಲೆ ತಲೆನೋವು ಹೋಗ್ತದಾ?”

“ಹೌದ್ರಿ ಅಕ್ಕಾ. ಸ್ವಲ್ಪ ಹೊತ್ತಿಗೆ ಹೋಗತೈತಿ.”

“ಹಾಗಾದ್ರೆ ಅದು ತಲೆಯದ್ದಲ್ಲ ಮಾರಾಯ್ತಿ, ಗಾಡಿಯದ್ದು. ಹೊಗೆ ಒಳಗೆ ಬರ್ತಾ ಉಂಟು.”

ಅಭಿಜೀತ ನಕ್ಕ. “ಖಲಾಸ್, ಸಾಕ ಬಿಡ್ರಿ ಸಿಸ್ಟರ್! ನಿಮಗ ಎಲ್ಲಾದ್ರಾಗೂ ರೋಗಾನ ಕಾಣತೈತಿ.”

ಮಾರ್ಚ್ ತಿಂಗಳ ಒಂದು ಶುಕ್ರವಾರ ಎಲ್ಲರೂ ಮರಳುಗಾಡಿಗೆ ಹೊರಟರು. ಜೋಸ್ಫಿನ್ ತಮ್ಮ ಕಾರಿನಲ್ಲೇ ಹಿಂದೆ ಬಂದರು. “ಕಿಟಕಿ ಮಾತ್ರ ಮುಚ್ಚಬೇಡ” ಎಂದು ಮಾಧುರಿಗೆ ಹೇಳಿದ್ದರು.

ಅರ್ಧ ದಾರಿಯಲ್ಲಿ ಅತ್ತೆ ನೀಲಮ್ಮ ಸಣ್ಣ ದನಿಯಲ್ಲಿ ಕೇಳಿದರು, “ಹಿಂದ ಯಾರ ಕುಂತಾರ?”

ಹಿಂದಿನ ಸೀಟು ಖಾಲಿ ಇತ್ತು.

“ಬಿಳಿ ಅಂಗಿಯಂವಾ. ಮಾರೀನ ಕಾಣವಲ್ದು.”

ಅಷ್ಟರಲ್ಲಿ ಮರಳುಗಾಳಿ ಎದ್ದಿತು. ರಸ್ತೆಯೇ ಕಾಣದಾಯಿತು. ಅಭಿಜೀತ ಗಾಡಿಯನ್ನು ಬದಿಗೆ ನಿಲ್ಲಿಸಿ, ಕಿಟಕಿಗಳನ್ನೆಲ್ಲ ಮುಚ್ಚಿ, ಎ.ಸಿ.ಗಾಗಿ ಎಂಜಿನ್ ಓಡುತ್ತಲೇ ಬಿಟ್ಟ. ಗಾಜಿಗೆ ಮರಳು ಉಜ್ಜುವ ಸದ್ದು. ಒಳಗೆ ಹಳದಿ ಮಬ್ಬು.

ಮಗಳು ಸಾಕ್ಷಿ ಹಿಂದಿನ ಸೀಟನ್ನೇ ನೋಡುತ್ತಿದ್ದಳು. “ಮಮ್ಮಾ, ದ ಮ್ಯಾನ್ ಈಸ್ ಸ್ಲೀಪಿಂಗ್” ಎಂದಳು. ತಾನೂ ಹಾಗೇ ವಾಲಿ ಕಣ್ಣು ಮುಚ್ಚಿದಳು.

ಮಾಧುರಿ ಮಗಳತ್ತ ಕೈ ಚಾಚಿದಳು. ಏಳಲು ನೋಡಿದಳು, ಕಾಲು ಏಳಲಿಲ್ಲ. ಗಂಡ ಸ್ಟಿಯರಿಂಗಿಗೆ ತಲೆಯಾನಿಸಿ ಕೂತಿದ್ದ. ಕಿವಿಯ ಪಕ್ಕದಲ್ಲೇ ಯಾರೋ ಅವಳ ಹೆಸರು ಹಿಡಿದು ಮೆಲ್ಲಗೆ ಕರೆದಂತಾಯಿತು. ತಿರುಗಿದರೆ ಯಾರೂ ಇಲ್ಲ. ಆಮೇಲೆ ಗಾಡಿಯ ಗೋಡೆಗೆ ಬಡಿತ. ಒಂದೇ ಸಮನೆ ಬಡಿತ.

ಬಾಗಿಲು ಕಿತ್ತುಕೊಂಡಂತೆ ತೆರೆಯಿತು. ಜೋಸ್ಫಿನ್! ಫೋನ್ ಮಾಡಿದರೆ ಯಾರೂ ಎತ್ತದ್ದಕ್ಕೆ ಗಾಳಿಯಲ್ಲೇ ಓಡಿ ಬಂದಿದ್ದರು. ಎಂಜಿನ್ ಆರಿಸಿ, ಮೊದಲು ಮಗುವನ್ನು, ಆಮೇಲೆ ಒಬ್ಬೊಬ್ಬರನ್ನೇ ಹೊರಗೆಳೆದರು. ಆಂಬುಲೆನ್ಸ್‌ಗೆ ಕರೆ ಮಾಡಿದರು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟ ಎಷ್ಟೋ ಹೊತ್ತಿನ ಮೇಲೆ ಸಾಕ್ಷಿ ಕಣ್ಣು ತೆರೆದಳು. ಅಲ್ಲಿಯವರೆಗೆ ಅಭಿಜೀತ ಅವಳ ಕೈ ಬಿಟ್ಟಿರಲಿಲ್ಲ.

“ಅದು ದೆವ್ವ ಅಲ್ಲೇನವ್ವಾ?” ನೀಲಮ್ಮ ಕೇಳಿದರು. “ನಿಂಬಿಹಣ್ಣ ಇಳಿಸೂಣೇನ?”

“ಕಾರ್ಬನ್ ಮಾನಾಕ್ಸೈಡ್ ಅಮ್ಮಾ” ಎಂದರು ಜೋಸ್ಫಿನ್. “ಹೊಗೆಯಲ್ಲಿರುವ ವಿಷಗಾಳಿ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಿದುಳಿಗೆ ಆಕ್ಸಿಜನ್ ಸಿಗದಿದ್ರೆ ಇಲ್ಲದವರೂ ಕಾಣ್ತಾರೆ, ಕರೀತಾರೆ.”

ಬೇರೆ ಗ್ಯಾರೇಜಿನವರು ಮುಚ್ಚಳ ಎತ್ತಿದಾಗ, ಕೊಳವೆ ಕಿತ್ತ ತೂತೊಂದು ಬಾಯಿ ತೆರೆದುಕೊಂಡಿತ್ತು. ಸುತ್ತ ಕಪ್ಪು ಮಸಿ. ಹೊಗೆ ನೇರ ಒಳಗೇ ನುಗ್ಗುತ್ತಿತ್ತು.

“ನನ್ನ ಕೈಯಾರೆ ಮನಿಮಂದೀಗೆ ವಿಷಾ ಉಣಿಸಿದ್ನಲ್ಲ ಸಿಸ್ಟರ್” ಎಂದ ಅಭಿಜೀತ. ಕಿತ್ತಿದ್ದನ್ನೆಲ್ಲ ಮತ್ತೆ ಹಾಕಿಸಿ, ಸೋರಿಕೆ ಇಲ್ಲವೆಂದು ಪರೀಕ್ಷೆ ಮಾಡಿಸಿದ ಮೇಲೆಯೇ ಕೀಲಿ ಮುಟ್ಟಿದ. ಒಳಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ ಹಾಕಿಸಿದ.

ಬಂಧುಗಳೇ, ನಿಮ್ಮ ಗಾಡಿ ಎಷ್ಟೇ ಹಳೆಯದಿರಲಿ, ಹೊಗೆ ತಡೆಯುವ ಭಾಗಗಳನ್ನು ಕೀಳಿಸಬೇಡಿ. ಎಂಜಿನ್ ಓಡುತ್ತಿರುವ ಗಾಡಿಯಲ್ಲಿ ಬಾಗಿಲು ಮುಚ್ಚಿ ಮಲಗಬೇಡಿ. ಒಳಗಿದ್ದವರಿಗೆಲ್ಲ ಒಟ್ಟಿಗೇ ತಲೆನೋವು, ಮಂಪರು ಬಂದರೆ ಯಾಕೆಂದು ಯೋಚಿಸುತ್ತ ಕೂರದೆ ತಕ್ಷಣ ಹೊರಗೆ ಬನ್ನಿ, ಸಹಾಯಕ್ಕೆ ಕರೆ ಮಾಡಿ. ತಡಮಾಡಿದರೆ ಬಾಗಿಲು ತೆರೆಯಲು ಕೈಯೇ ಏಳುವುದಿಲ್ಲ.