ಜಾಡಿ ನಿನ್ನದು, ಹಿಟ್ಟು ನನ್ನದು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಅತ್ತೆ ಹೇಳುತ್ತಾರೆ. ಇರಬಹುದು. ಆದರೆ ಅದನ್ನು ಅಲ್ಲಿಗೆ ತಂದು ಕೂರಿಸುವವರು ಯಾರು ಎಂದು ಅವರು ಕೇಳುವುದಿಲ್ಲ. ಈ ಸಲ ತಂದು ಕೂರಿಸಿದವನು ನಮ್ಮ ಬೇಕರಿಯ ಚಿಕ್ಕ ಯಜಮಾನ. ನಮ್ಮ ಬೇಕರಿ ಎಂದದ್ದು ಬಾಯಿತಪ್ಪಿ. ನಾನು ಅಲ್ಲಿ ಕೆಲಸ ಬಿಟ್ಟು ಒಂದು ಬೇಸಿಗೆಯೇ ಕಳೆದಿದೆ. ಐವತ್ತು ದಾಟಿ, ತಲೆ ಬೋಳಾಗಿ, ಮಗಳ ಮದುವೆ ಮಾಡಿದ ಮೇಲೂ ಅವನು ಚಿಕ್ಕ ಯಜಮಾನನೇ. ದೊಡ್ಡ ಯಜಮಾನರು ಅವರಪ್ಪ. ಅವರು ತೀರಿಕೊಂಡ ಮೇಲೂ 'ದೊಡ್ಡ' ಎನ್ನುವ ಮಾತನ್ನು ಯಾರೂ ಮಗನಿಗೆ ಕೊಟ್ಟಿಲ್ಲ. ಎದುರಿಗೆ ನಾನೂ ಸಾರ್ ಎನ್ನುತ್ತೇನೆ. ಬೆನ್ನ ಹಿಂದೆ 'ಅವನು' ಎಂದರೇ ಹೆಚ್ಚು.

ಆ ಬೇಕರಿಯ ಹೆಸರು ನಿಂತಿದ್ದು ಒಂದು ಬಗೆಯ ಬ್ರೆಡ್ಡಿನ ಮೇಲೆ. ಹೊರಗೆ ಗಟ್ಟಿ, ಒಳಗೆ ಮೆತ್ತಗೆ, ತಿಂದರೆ ಬಾಯಲ್ಲಿ ಹಿತವಾದ ಹುಳಿ. ಅದಕ್ಕೆ ಪೊಟ್ಟಣದ ಈಸ್ಟ್ ಹಾಕುವುದಿಲ್ಲ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ಹಿಂದಿನ ದಿನದ ಹುಳಿ ಹಿಟ್ಟನ್ನು ಸ್ವಲ್ಪ ಉಳಿಸಿಕೊಂಡು ಹೊಸ ಹಿಟ್ಟಿಗೆ ಕಲಸಬೇಕು. ಉಳಿಸಿಕೊಂಡದ್ದಕ್ಕೆ ದಿನವೂ ಹಿಟ್ಟು, ನೀರು ಕೊಟ್ಟು ಸಾಕಬೇಕು. ಮರೆತರೆ ಸೊರಗುತ್ತದೆ. ಕುದಿಯುವ ನೀರು ತಗುಲಿದರೆ ಸತ್ತೇ ಹೋಗುತ್ತದೆ. ದೊಡ್ಡ ಯಜಮಾನರು ಮೀಸೆ ಮೂಡುವ ಮೊದಲೇ ಶುರುಮಾಡಿದ ಹಿಟ್ಟು ಅದು. ಅವರು ಅದನ್ನು ಮುದುಕಿ ಎಂದು ಕರೆಯುತ್ತಿದ್ದರು. ಬೆಳಿಗ್ಗೆ ಒಳಗೆ ಬಂದವರೇ ನಮ್ಮ ಯೋಗಕ್ಷೇಮ ಕೇಳುತ್ತಿರಲಿಲ್ಲ, "ಮುದುಕಿ ಊಟ ಆಯ್ತಾ?" ಎಂದೇ ಕೇಳುತ್ತಿದ್ದರು.

ವಾರದ ರಜೆಯಲ್ಲಿ ನಾನು ಮನೆಯಲ್ಲೇ ಅಕ್ಕಪಕ್ಕದವರಿಗೆ ಬ್ರೆಡ್ಡು ಮಾಡಿಕೊಡುತ್ತಿದ್ದೆ. ಕದ್ದುಮುಚ್ಚಿ ಅಲ್ಲ. ದೊಡ್ಡ ಯಜಮಾನರೇ ಮುದುಕಿಯಿಂದ ಒಂದು ಸೌಟು ತೆಗೆದು ನನ್ನ ಊಟದ ಡಬ್ಬಿಗೆ ಹಾಕಿ, "ತಗೊಂಡು ಹೋಗಮ್ಮ. ನಿಮ್ಮನೇಲೂ ಒಂದಿರ್ಲಿ. ನಾಳೆ ಇಲ್ಲೇನಾದ್ರೂ ಹೆಚ್ಚುಕಮ್ಮಿ ಆದ್ರೆ, ಹೋಗಿ ಕೇಳೋಕೆ ಒಂದು ಮನೆ ಬೇಕಲ್ಲ" ಎಂದಿದ್ದರು.

ಅದನ್ನು ಗಾಜಿನ ಜಾಡಿಗೆ ಹಾಕಿ ಅಡುಗೆಮನೆಯ ಕಿಟಕಿಯಲ್ಲಿಟ್ಟ ದಿನ ಅತ್ತೆ ಅದರ ಹೆಸರು ಕೇಳಿ, "ಮನೇಲಿ ಒಬ್ಳು ಮುದುಕಿ ಇರೋದು ಸಾಲ್ದು ಅಂತ ಇನ್ನೊಬ್ಳನ್ನ ಕರ್ಕೊಂಡು ಬಂದ್ಯಾ?" ಎಂದರು. ನನ್ನ ಮೊದಲ ಬ್ರೆಡ್ಡು ಕಲ್ಲಾಗಿ, ನಮ್ಮವರು ಅದನ್ನೇ ಚಪ್ಪರಿಸಿಕೊಂಡು ತಿಂದಾಗ, "ಹಿಟ್ಟು ಹಳಸಿತ್ತು, ನಾಯಿ ಹಸಿದಿತ್ತು" ಎಂದು ಸ್ವಂತ ಮಗನನ್ನೇ ನೋಡಿ ನಕ್ಕರು. ಆಮೇಲೆ ಯಾವಾಗಲೋ ಜಾಡಿಗೆ ಊಟ ಕೊಡುವ ಕೆಲಸ ಅವರ ಕೈಗೇ ಹೋಯಿತು. ನನ್ನ ಜೊತೆ ಆಡುವ ಜಗಳದಲ್ಲಿ ಕಾಲು ಭಾಗವನ್ನೂ ಅವರು ಅದರ ಜೊತೆ ಆಡಲಿಲ್ಲ.

ದೊಡ್ಡ ಯಜಮಾನರು ಹೋದ ಮೇಲೆ ಮಗ ಗಲ್ಲಾದಲ್ಲಿ ಕೂತ. ಅವನು ಹಿಟ್ಟಿಗೆ ಕೈ ಹಾಕಿದವನೇ ಅಲ್ಲ. ಅಂಗಿಯ ತೋಳಿಗೆ ಚೂರು ಹಿಟ್ಟು ತಾಗಿದರೆ ಚೇಳು ಹತ್ತಿದ ಹಾಗೆ ಕೊಡವಿಕೊಳ್ಳುತ್ತಿದ್ದ. ಒಂದು ದಿನ ಎಲ್ಲರ ಮುಂದೆ ನನ್ನನ್ನು ನಿಲ್ಲಿಸಿ, "ನನ್ನ ಸಂಬಳ ತಿಂದು ಮನೇಲಿ ಅಂಗಡಿ ಇಟ್ಕೊಂಡಿದ್ದೀಯಾ? ಎರಡು ದೋಣಿ ಮೇಲೆ ಕಾಲಿಡೋರು ನನಗೆ ಬೇಡ" ಎಂದ.

ನಾನು ಏಪ್ರನ್ ಬಿಚ್ಚಿ ಒಲೆಯ ಪಕ್ಕದ ಮೊಳೆಗೆ ನೇತುಹಾಕಿದೆ. "ಹಾಗಾದ್ರೆ ಒಂದು ಕಾಲು ತೆಗೆದೆ ಸಾರ್" ಎಂದು ಹೊರಟುಬಂದೆ.

ಅಲ್ಲಿಂದ ಮುಂದೆ ಮನೆಯ ಬ್ರೆಡ್ಡೇ ನಮ್ಮ ಜೀವನ. ನಮ್ಮವರದು ಗೋದಾಮಿನ ಕೆಲಸ. ಮೂಟೆ ಬಂದರೆ ಕೂಲಿ, ಬಾರದಿದ್ದರೆ ಮನೆಯಲ್ಲಿ ಕೂತು ಪೇಪರ್ ಓದುವುದು. ಹಳೆಯದೊಂದು ದೊಡ್ಡ ಓವನ್ ಕೊಂಡು, ಎಲೆಕ್ಟ್ರಿಷಿಯನ್ನನ್ನು ಕರೆಸಿ ಬೇರೆಯೇ ದಪ್ಪ ವೈರು ಎಳೆಸಿ, ಅಡುಗೆಮನೆಯ ಮೂಲೆಯಲ್ಲಿ ಇಟ್ಟೆ. ಚೆನ್ನಾಗಿಯೇ ನಡೆಯುತ್ತಿತ್ತು. ಆಗ ಫೋನು ಬಂತು.

"ನಮ್ಮಂಗಡಿ ಹುಳಿ ಹಿಟ್ಟು ನಿನ್ನ ಹತ್ರ ಇದೆ. ಒಂದು ಚೂರೂ ಇಟ್ಕೊಳ್ದೆ ವಾಪಸ್ ತಂದ್ಕೊಡು."

"ಅದು ದೊಡ್ಡ ಯಜಮಾನ್ರು ನನಗೆ ಕೊಟ್ಟಿದ್ದು ಸಾರ್."

"ಅದಕ್ಕೆ ಸಾಕ್ಷಿ ಯಾರು?"

"ಅವರೇ ಸಾಕ್ಷಿ. ಹೋಗಿ ಕೇಳ್ಕೊಂಡು ಬನ್ನಿ."

ಅವನು ಫೋನ್ ಕುಕ್ಕಿದ. ಪಕ್ಕದಲ್ಲಿ ಕೂತಿದ್ದ ನಮ್ಮವರು ತಲೆಯ ಮೇಲೆ ಕೈ ಹೊತ್ತರು. "ಹಿಟ್ಟು ತಾನೇ, ಕೊಟ್ಟು ಕೈ ತೊಳ್ಕೊಬಾರ್ದಾ?" ಎಂದರು. ಕೊಟ್ಟರೆ ನಾಳೆ ಬೆಳಿಗ್ಗೆ ಬ್ರೆಡ್ಡನ್ನು ನಿಮ್ಮ ತಲೆಯಿಂದ ಮಾಡಲೇ ಎಂದು ಕೇಳಿದೆ. ಅವರು ಪೇಪರ್ ಎತ್ತಿಕೊಂಡರು.

ಆ ವಾರವೇ ಹಿಟ್ಟಿನ ಅಂಗಡಿಯವನು ಮುಖ ತಿರುಗಿಸಿದ. "ಸ್ಟಾಕ್ ಇಲ್ಲಕ್ಕಾ" ಎನ್ನುವಾಗ ಅವನ ಬೆನ್ನ ಹಿಂದೆ ಮೂಟೆಗಳು ಸೂರು ಮುಟ್ಟುತ್ತಿದ್ದವು.

"ಹಾಗಾದ್ರೆ ಹಿಂದೆ ಇರೋದೇನಣ್ಣ, ಹತ್ತಿ ಮೂಟೇನಾ?"

"ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಅಕ್ಕ. ನಿಮಗೆ ಕೊಟ್ರೆ ಬೇಕರಿಯವ್ರು ನನ್ನ ಹತ್ರ ತಗೊಳಲ್ವಂತೆ."

ಊರಾಚೆಯ ಅಂಗಡಿಯಿಂದ ಹಿಟ್ಟಿನ ಚೀಲವನ್ನು ಬಸ್ಸಿನಲ್ಲಿ ಹೊತ್ತು ತಂದೆ. ಕಂಡಕ್ಟರ್ ಚೀಲಕ್ಕೂ ಟಿಕೆಟ್ ಹರಿದ. ನಾನು ಹಿಟ್ಟು ಕಲಸುವಾಗ ಒಂದೊಂದು ಗುದ್ದಿನಲ್ಲೂ ಚಿಕ್ಕ ಯಜಮಾನನ ಮುಖ ಕಂಡು, ಆ ವಾರದ ಬ್ರೆಡ್ಡುಗಳು ಬಹಳ ಚೆನ್ನಾಗಿ ಉಬ್ಬಿದವು. ಅದೇ ಸಮಯಕ್ಕೆ ಪಕ್ಕದ ಮನೆಯ ನರ್ಸಮ್ಮ ಬಂದು, "ಬೇಕರಿ ಬ್ರೆಡ್ಡು ಈಚೆಗೆ ಬರೀ ವಿನೆಗರ್ ವಾಸನೆ ಕಣೆ, ನಂಗೂ ನೀನೇ ಕೊಡು" ಎಂದರು. ನಾನು ಒಳಗೊಳಗೇ ಹಿಗ್ಗಿದೆ. ಏಕಿರಬಹುದು ಎಂದು ಯೋಚಿಸಲು ಪುರುಸೊತ್ತಿರಲಿಲ್ಲ.

ಆಮೇಲೆ ಮೇಲಿನ ಮಹಡಿಯ ಓನರಮ್ಮ ಕೆಳಗಿಳಿದು ಬಂದರು. ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವವರು ಅಂದು ನೆಟ್ಟಗೆ ಮಾತಾಡಿದರು.

"ಬೇಕರಿಯವ್ರು ಫೋನ್ ಮಾಡಿದ್ರಮ್ಮ. ವಾಸದ ಮನೇಲಿ ಇಷ್ಟು ದೊಡ್ಡ ಓವನ್ ಇಟ್ರೆ ವೈರ್ ಸುಟ್ಟು ಮನೆಗೇ ಬೆಂಕಿ ಬೀಳುತ್ತಂತೆ. ದೂರು ಕೊಡ್ತಾರಂತೆ, ನನಗೂ ದಂಡ ಬೀಳುತ್ತಂತೆ. ಈ ತಿಂಗಳ ಕೊನೇಗೆ ಓವನ್ ತೆಗೀರಿ. ಇಲ್ಲಾಂದ್ರೆ ಮನೆ ಖಾಲಿ ಮಾಡಿ."

ವೈರಿನ ವಿಷಯ ಹೇಳಿದೆ, ಎಲೆಕ್ಟ್ರಿಷಿಯನ್ನನ್ನು ಕರೆಸುತ್ತೇನೆ ಎಂದೆ. ಅವರು ಕೇಳಿಸಿಕೊಳ್ಳಲಿಲ್ಲ. ಅವರು ಮೆಟ್ಟಿಲು ಹತ್ತಿ ಹೋದ ಮೇಲೆ ಓವನ್ ಮುಂದೆ ಹೋಗಿ ಕೂತೆ. ಓವನ್ ಹೋದರೆ ಅನ್ನ ಹೋಗುತ್ತದೆ. ಓವನ್ ಇಟ್ಟುಕೊಂಡರೆ ಮನೆ ಹೋಗುತ್ತದೆ. ಮಂಡಿನೋವಿನ ಅತ್ತೆಯನ್ನು ಕಟ್ಟಿಕೊಂಡು ಎಲ್ಲಿ ಮನೆ ಹುಡುಕಲಿ? ಹೆದರಿದೆ. ಹೆದರಿಕೆಗೆ ನನಗೆ ಗೊತ್ತಿರುವ ಮದ್ದು ಒಂದೇ, ಸಿಟ್ಟು.

ಮಾರನೆಯ ಮಧ್ಯಾಹ್ನ ಅವನ ಕಾರು ಬಾಗಿಲಲ್ಲೇ ಬಂದು ನಿಂತಿತು. ಕರೆಯದೆಯೇ ಅಡುಗೆಮನೆಯವರೆಗೂ ಬಂದ. ಬಿಳಿ ಅಂಗಿ, ಚಿನ್ನದ ಬಣ್ಣದ ಗಡಿಯಾರ. ಜಾಲರಿಯ ಮೇಲೆ ಆರಲಿಟ್ಟ ಬ್ರೆಡ್ಡುಗಳನ್ನು, ಓವನ್ನನ್ನು, ಕಿಟಕಿಯ ಜಾಡಿಯನ್ನು ಒಂದೊಂದಾಗಿ ನೋಡಿದ. ಜಾಡಿಯ ಮೇಲೆ ಕಣ್ಣು ನಿಂತಿತು.

"ಕೊನೇ ಸಲ ಹೇಳ್ತಿದ್ದೀನಿ. ಅದನ್ನ ಕೊಡು, ಎಲ್ಲಾ ಇಲ್ಲಿಗೇ ಬಿಟ್ಬಿಡ್ತೀನಿ. ಇಲ್ಲಾಂದ್ರೆ ಈ ತಿಂಗಳು ಈ ಮನೆ, ಮುಂದಿನ ತಿಂಗಳು ನೀನು ಎಲ್ಲಿಗೆ ಹೋಗ್ತೀಯೋ ಆ ಮನೆ."

"ಜಾಡಿ ನಾನು ದುಡ್ಡು ಕೊಟ್ಟು ತಂದಿದ್ದು ಸಾರ್."

"ಜಾಡಿ ನೀನೇ ಇಟ್ಕೊಂಡು ಪೂಜೆ ಮಾಡು. ಜಾಡಿ ನಿಂದು, ಹಿಟ್ಟು ನಂದು."

ಮೂಲೆಯ ಕುರ್ಚಿಯಲ್ಲಿ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ ಅತ್ತೆ ತಲೆಯೆತ್ತಿದರು. "ಒಂದು ಹಿಡಿ ಹಿಟ್ಟಿಗೆ ಇಷ್ಟು ದೊಡ್ಡ ಮನುಷ್ಯರು ಬಂದ್ಬಿಟ್ರಾ? ಕೂತ್ಕೊಳ್ಳಪ್ಪ, ಒಂದು ತುಂಡು ಬ್ರೆಡ್ಡು ತಿನ್ನಿ. ನಿಮ್ಮಂಗಡೀಲಿ ಚೆನ್ನಾಗಿ ಸಿಗಲ್ವಂತೆ."

ಅವನ ಕಿವಿ ಕೆಂಪಾಯಿತು. "ಅಜ್ಜಿ, ನೀವು ಸುಮ್ನಿರಿ. ಇವಳಿಗೆ ಸೊಕ್ಕು. ಎಂಜಲು ತಿಂದ ಮನೆಗೇ ಎರಡು ಬಗೆಯೋ ಜಾತಿ."

ಅಷ್ಟು ಸಾಕಾಯಿತು. ಜಾಡಿ ಎತ್ತಿಕೊಂಡು ಸಿಂಕಿನ ಹತ್ತಿರ ಹೋಗಿ ಮುಚ್ಚಳ ತಿರುಗಿಸಿದೆ.

"ನಾನು ಮನೇಲಿ ಕೆಲಸ ಮಾಡ್ಬಾರ್ದು, ಅಷ್ಟೇ ತಾನೇ ನಿಮಗೆ ಬೇಕಿರೋದು? ತಗೊಳ್ಳಿ. ನಿಮಗೂ ಬೇಡ, ನನಗೂ ಬೇಡ."

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅತ್ತೆ ನನಗೆ ಹೇಳದ ದಿನವಿಲ್ಲ. ಆ ಗಳಿಗೆಯಲ್ಲಿ ನಾನು ಮೂಗು ಕೊಯ್ದುಕೊಳ್ಳಲು ಸಿದ್ಧಳಾಗಿಯೇ ಇದ್ದೆ. ನಾಟಕವಾಡಲಿಲ್ಲ. ಜಾಡಿಯನ್ನು ಬೋರಲು ಮಾಡಿದೆ.

"ಅಯ್ಯಯ್ಯೋ, ಚೆಲ್ಬೇಡ!"

ಅವನು ಹಾರಿ ಬಂದು ಎರಡೂ ಕೈಗಳನ್ನು ಬೊಗಸೆ ಮಾಡಿ ಜಾಡಿಯ ಬಾಯಿಗೆ ಒಡ್ಡಿದ. ಹುಳಿ ಹಿಟ್ಟು ಅವಸರ ಮಾಡುವ ವಸ್ತುವಲ್ಲ. ನಿಧಾನವಾಗಿ ಜಾರಿ, ಗುಳ್ಳೆಗಳ ಸಮೇತ ಅವನ ಬೊಗಸೆಗೆ ಬಿತ್ತು. ಗಡಿಯಾರಕ್ಕೂ ಬಿಳಿ ತೋಳಿಗೂ ಮೆತ್ತಿಕೊಂಡಿತು. ಅವನು ಕೊಡವಿಕೊಳ್ಳಲಿಲ್ಲ. ಉಸಿರು ಬಿಗಿಹಿಡಿದು, ಎಳೆಗೂಸನ್ನು ಎತ್ತಿಕೊಂಡವನ ಹಾಗೆ ನಿಂತ.

"ಯಾಕೆ ಸಾರ್? ಚೆಲ್ಲಿದ್ರೆ ನಿಮಗೇ ಒಳ್ಳೇದಾಗ್ತಿತ್ತಲ್ಲ?"

ಅವನು ಹಿಟ್ಟಿನಿಂದ ಕಣ್ಣೆತ್ತದೆ, "ಅಂಗಡೀದು ಸತ್ತೋಯ್ತು" ಎಂದ.

"ಏನು?"

"ಹೊಸಬನೊಬ್ಬನನ್ನ ಇಟ್ಕೊಂಡೆ. ಪಾತ್ರೆ ಎಲ್ಲಾ ಕುದಿಯೋ ನೀರಲ್ಲಿ ತೊಳೀಬೇಕು ಅಂತ ನಾನೇ ಹೇಳಿದ್ದೆ. ಹಳಸಿದ ಹಿಟ್ಟು ಅಂದ್ಕೊಂಡು ಅದನ್ನೂ ತೊಳೆದಿಟ್ಟ. ಈಸ್ಟು, ವಿನೆಗರು ಹಾಕಿ ನಡೆಸ್ತಿದ್ದೀನಿ. ಗಿರಾಕಿಗಳು ಒಂದು ತುಂಡು ಬಾಯಿಗಿಟ್ಟು ನನ್ನ ಮುಖ ನೋಡ್ತಾರೆ."

ನನಗೆ ಅಯ್ಯೋ ಎನಿಸಿದ್ದು ಮುದುಕಿಗಾಗಿ. ಅವನ ಮೇಲೆ ಬಂದದ್ದು ಇನ್ನೂ ದೊಡ್ಡ ಸಿಟ್ಟು. ಕೇಳಿದ್ದರೆ ಕೊಡುತ್ತಿದ್ದೆ. ಲೋಟ ಹಿಡಿದು ಬಂದು ಹೆಪ್ಪು ಕೇಳುವ ಹಾಗೆ ಒಂದು ಮಾತು ಕೇಳಿದ್ದರೆ, ಮರುಮಾತಿಲ್ಲದೆ ಅರ್ಧ ಜಾಡಿ ಕೊಡುತ್ತಿದ್ದೆ. ಅವರಪ್ಪ ಅದನ್ನು ನನ್ನ ಮನೆಯಲ್ಲಿ ಇಟ್ಟದ್ದೇ ಇಂಥ ದಿನಕ್ಕಾಗಿ.

"ಬಾಯಿಬಿಟ್ಟು ಕೇಳೋಕೆ ಏನಾಗಿತ್ತು ಸಾರ್?"

ಕೈತುಂಬ ಹಿಟ್ಟು ಹಿಡಿದುಕೊಂಡೂ ಅವನ ಮೂಗು ಮೇಲಕ್ಕೇರಿತು. "ಕೆಲಸದವಳ ಹತ್ರ ನಾನು ಬೇಡ್ಬೇಕಾ?"

ಆಗ ನನ್ನ ತಲೆ ತಣ್ಣಗಾಯಿತು. ಅವನ ಅಂಗಿಯ ಜೇಬಿಗೆ ಕೈ ಹಾಕಿ ಫೋನ್ ತೆಗೆದೆ. "ಏಯ್!" ಎಂದ. ಕೈ ಅಲ್ಲಾಡಿಸಿದರೆ ಹಿಟ್ಟು ಸುರಿಯುತ್ತದೆ, ಅಲ್ಲಾಡಿಸಲಿಲ್ಲ. ಫೋನನ್ನು ಅವನ ಮುಖಕ್ಕೆ ಹಿಡಿದೆ, ತೆರೆದುಕೊಂಡಿತು. ಓನರಮ್ಮನ ನಂಬರ್ ಒತ್ತಿ ಸ್ಪೀಕರ್ ಹಾಕಿದೆ. ನಮ್ಮ ತಲೆಯ ಮೇಲಿನ ಕೋಣೆಯಲ್ಲಿ ಫೋನು ರಿಂಗಾದದ್ದು ಕೆಳಗೂ ಕೇಳಿಸಿತು.

"ಹೇಳಿ" ಎಂದೆ.

ಅವನು ಬೊಗಸೆ ನೋಡಿದ. ಬೆರಳ ಸಂದಿಯಿಂದ ಹಿಟ್ಟು ಇಳಿಯತೊಡಗಿತ್ತು. "ಹಲೋ... ನಾನು ಬೇಕರಿಯಿಂದ. ಆ ಓವನ್ ವಿಷಯ... ಅದರಿಂದ ಏನೂ ತೊಂದ್ರೆ ಇಲ್ಲ. ದೂರು ಗೀರು ಏನೂ ಕೊಡಲ್ಲ."

"ಬೆಂಕಿ?" ಎಂದೆ ನಾನು.

"ಬೆಂಕಿ ಬೀಳಲ್ಲ. ನಾನು ಸುಳ್ಳು ಹೇಳಿದ್ದೆ."

"ಜೋರಾಗಿ ಹೇಳಪ್ಪ" ಎಂದರು ಅತ್ತೆ. "ಆಯಮ್ಮಂಗೆ ಕಿವಿ ಸ್ವಲ್ಪ ಮಂದ."

ಅವನು ಜೋರಾಗಿ ಹೇಳಿದ. ಮೇಲಿನಿಂದ ಕುರ್ಚಿ ಎಳೆದ ಸದ್ದು ಬಂತು. ಆಮೇಲೆ ಹಿಟ್ಟಿನ ಅಂಗಡಿಗೂ ಮಾಡಿಸಿದೆ. ಅಕ್ಕಂಗೆ ಎಷ್ಟು ಬೇಕೋ ಅಷ್ಟು ಕೊಡು ಎಂದು ಅವನ ಬಾಯಿಂದಲೇ ಹೇಳಿಸಿದೆ. ಅಂಗಡಿಯವನು, "ನಾನು ಇಲ್ಲ ಅಂದೇ ಇಲ್ಲ ಸಾರ್" ಎಂದ. ಮುಗಿದ ಮೇಲೆ ಫೋನನ್ನು ಒರೆಸಿ ಜೇಬಿಗೆ ಹಾಕಿದೆ.

"ಆಯ್ತಲ್ಲ? ಈಗ ಒಂದು ಪಾತ್ರೆ ಕೊಡು."

"ಜಾಡಿ ನಂದು, ಹಿಟ್ಟು ನಿಮ್ದು. ನೀವೇ ಅಂದ್ರಲ್ಲ ಸಾರ್. ಈ ಮನೇಲಿರೋ ಪಾತ್ರೆಗಳೂ ನಂದೇ."

ಬಾಗಿಲನ್ನು ಮಾತ್ರ ನಾನೇ ತೆರೆದು ಹಿಡಿದೆ.

ಅವನು ಹೊರಗೆ ಹೋಗಿ ಕಾರಿನ ಮುಂದೆ ನಿಂತ. ಕೀಲಿ ಪ್ಯಾಂಟಿನ ಜೇಬಿನಲ್ಲಿತ್ತು. ಕಾರನ್ನು ನೋಡಿದ, ಕೈಗಳನ್ನು ನೋಡಿದ, ಮೆಟ್ಟಿಲ ಮೇಲೆ ನಿಂತಿದ್ದ ಓನರಮ್ಮನನ್ನು ನೋಡಿದ. ಆಮೇಲೆ ನಡೆಯಲು ಶುರುಮಾಡಿದ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವನು ಕುರ್ಚಿಯಿಂದೆದ್ದು ಬಾಗಿಲಿಗೆ ಬಂದ. ಚಿಕ್ಕ ಯಜಮಾನ ಯಾರ ಮುಖವನ್ನೂ ನೋಡದೆ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಹೆಜ್ಜೆ ಅಳೆದಳೆದು ಹೋದ.

ಒಳಗೆ ಅತ್ತೆ ಕುಂಟುತ್ತಾ ಎದ್ದು, ಜಾಡಿಯ ಗೋಡೆಗೆ ಅಂಟಿದ್ದನ್ನು ಆಗಲೇ ಚಮಚದಲ್ಲಿ ಕೆರೆಯುತ್ತಿದ್ದರು. "ಇಷ್ಟಿದ್ರೆ ಸಾಕು, ಬದುಕ್ಕೋತಾಳೆ" ಎನ್ನುತ್ತಾ ಹಿಟ್ಟು, ನೀರು ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, "ಒಂದು ಬಟ್ಟಲು ಕೊಡಬಹುದಿತ್ತಲ್ಲೇ" ಎಂದರು.

"ಕೊಡಬಹುದಿತ್ತು" ಎಂದೆ. ಕೊಡಬೇಕು ಎಂದು ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸಿಲ್ಲ.

ಬೀದಿಯ ತಿರುವಿನಲ್ಲಿ ಲಾರಿಯೊಂದು ಧೂಳೆಬ್ಬಿಸಿಕೊಂಡು ಬಂತು. ಅವನು ತಟ್ಟನೆ ಲಾರಿಗೆ ಬೆನ್ನು ಮಾಡಿ, ಬೊಗಸೆಯ ಮೇಲೆ ಬಾಗಿ, ಅಷ್ಟೂ ಧೂಳನ್ನು ಬೆನ್ನಿಗೆ ತೆಗೆದುಕೊಂಡ. ಬೇಕರಿಯಲ್ಲಿ ಗುಡಿಸುವವಳು ಪೊರಕೆ ಎತ್ತಿದ ಕೂಡಲೇ ದೊಡ್ಡ ಯಜಮಾನರು ಮುದುಕಿಯ ಪಾತ್ರೆಯ ಮೇಲೆ ಹಾಗೆಯೇ ಬಾಗುತ್ತಿದ್ದರು. ಅದೇ ಬೆನ್ನು, ಅದೇ ಬಾಗು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಬೀದಿಗೆ ಇಳಿದು ಕೂಗಿದೆ.

"ಸಾರ್! ಹೋದ ತಕ್ಷಣ ಊಟ ಕೊಡಿ ಅದಕ್ಕೆ! ತಣ್ಣೀರಲ್ಲಿ! ಬಿಸಿನೀರು ಮುಟ್ಟಿಸ್ಬೇಡಿ!"

ಅವನು ತಿರುಗಿ ನೋಡಲಿಲ್ಲ. ತಲೆಯನ್ನು ಮಾತ್ರ ಒಮ್ಮೆ ಆಡಿಸಿ ತಿರುವಿನಲ್ಲಿ ಮರೆಯಾದ. ಕಾರು ಸಂಜೆಯವರೆಗೂ ನಮ್ಮ ಬಾಗಿಲಲ್ಲೇ ನಿಂತಿತ್ತು.